ಹಳೆಯ ಆಫ್‌ರೋಡ್ ಗಾಡಿಯಲ್ಲಿ ಮುಂದಿನ ಸ್ಪೀಕರ್‌ಗೆ ಜಾಗ ಎಲ್ಲಿ?

ಪ್ರಶ್ನೆ: ನನ್ನದು ಹಳೆಯ ಜೀಪ್ ಮಾದರಿಯ ಗಾಡಿ. ಡ್ಯಾಶ್‌ಬೋರ್ಡ್ ಎಂದರೆ ಒಂದು ಚಪ್ಪಟೆ ತಗಡು, ಅಷ್ಟೆ. ಬಾಗಿಲುಗಳನ್ನು ಕಳಚಿಡಬಹುದು, ಮೇಲೆ ಕ್ಯಾನ್ವಾಸ್ ಹೊದಿಕೆ. ಡ್ಯಾಶ್‌ನ ನಡುವೆ ಒಂದೇ ಒಂದು ಸ್ಪೀಕರ್ ಇತ್ತು, ಅದರ ಕೋನ್ (ಅಲುಗಿ ಶಬ್ದ ಹೊರಡಿಸುವ ಭಾಗ) ಹರಿದುಹೋಗಿದೆ. ಹೊಸ ಸ್ಟೀರಿಯೊ ಹಾಕಿ ಮುಂದೆ ಎರಡು ಸ್ಪೀಕರ್ ಕೂರಿಸಬೇಕೆಂದಿದ್ದೇನೆ. ಮೂಲ ಡ್ಯಾಶನ್ನು ಕೊರೆಯಲು ಮನಸ್ಸಿಲ್ಲ. ಬಾಗಿಲಿಗೇ ಆರೂವರೆ ಇಂಚಿನ ಸ್ಪೀಕರ್ ಹಾಕಿಬಿಡಿ ಎನ್ನುತ್ತಾರೆ ಕೆಲವರು. ಅದು ಸರಿಯೇ? ಬೇರೆ ಜಾಗ ಯಾವುದಿದೆ?

ಉತ್ತರ: ಬಾಗಿಲು ಬೇಡ. ಡ್ಯಾಶ್ ಕೊರೆಯುವ ಅಗತ್ಯವೂ ಇಲ್ಲ. ನಿಮ್ಮಂಥ ಗಾಡಿಯಲ್ಲಿ ನಾನು ಮೊದಲು ಬಗ್ಗಿ ನೋಡುವುದು ಕಿಕ್ ಪ್ಯಾನೆಲ್ ಕಡೆಗೆ. ಡ್ಯಾಶ್‌ನ ಕೆಳಗೆ, ಬಾಗಿಲಿನ ಕೀಲುಗಳಿಗಿಂತ ಮುಂದೆ, ಪಾದದ ಪಕ್ಕಕ್ಕೆ ಬರುವ ಗೋಡೆ ಅದು. ಅಲ್ಲಿ ಆಗದಿದ್ದರೆ ಡ್ಯಾಶ್‌ನ ಅಡಿಗೆ ತೂಗುವ ಮುಚ್ಚಿದ ಪೆಟ್ಟಿಗೆ. ಎರಡೂ ಸಾಧ್ಯವಿಲ್ಲ ಎಂದಾದರೆ ಮಾತ್ರ ರೋಲ್ ಬಾರ್, ಅಂದರೆ ಗಾಡಿ ಮಗುಚಿದಾಗ ರಕ್ಷಣೆ ಕೊಡುವ ಪೈಪ್. ಅಳತೆ ನಾಲ್ಕು ಇಂಚು ಸಾಕು, ಜಾಗ ಸಿಕ್ಕರೆ ಐದೂಕಾಲು. ದೊಡ್ಡ ಸ್ಪೀಕರನ್ನು ಕೈಯಲ್ಲಿ ಹಿಡಿದುಕೊಂಡು ಜಾಗ ಹುಡುಕುವ ಬದಲು, ಮೊದಲು ಒಳ್ಳೆಯ ಜಾಗ ಹುಡುಕಿ ಅದಕ್ಕೆ ಹಿಡಿಸುವ ಸ್ಪೀಕರ್ ತನ್ನಿ.

ಒಳ್ಳೆಯ ಜಾಗ ಎಂದರೆ ಏನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದ ಎಲ್ಲ ತೀರ್ಮಾನಗಳೂ ಅದರ ಮೇಲೆಯೇ ನಿಂತಿವೆ. ಸ್ಪೀಕರ್‌ನ ಕೋನ್ ಮುಂದಕ್ಕೆ ನೂಕಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣಕ್ಕೆ ಬೆನ್ನಿನ ಗಾಳಿ ಸಡಿಲಗೊಳ್ಳುತ್ತದೆ. ಹೀಗೆ ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ತದ್ವಿರುದ್ಧ. ನಡುವೆ ಗೋಡೆ ಇಲ್ಲದಿದ್ದರೆ ಅವು ಅಂಚನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. 3000 ಹರ್ಟ್ಜ್‌ನ ಅಲೆ ಬರೀ 11 ಸೆಂಟಿಮೀಟರ್ ಉದ್ದ, ಅದು ಬಹುಮಟ್ಟಿಗೆ ನೇರವಾಗಿ ಮುಂದಕ್ಕೆ ಹೋಗುತ್ತದೆ. 100 ಹರ್ಟ್ಜ್‌ನ ಅಲೆಯ ಉದ್ದ ಸುಮಾರು 3.4 ಮೀಟರ್. ಅಷ್ಟು ಉದ್ದದ ಅಲೆಗೆ ಪುಟ್ಟ ಸ್ಪೀಕರ್‌ನ ಅಂಚು ಒಂದು ಅಡ್ಡಿಯೇ ಅಲ್ಲ. ಹೀಗಾಗಿ ಹಿಂಬದಿ ತೆರೆದಿರುವ ಸ್ಪೀಕರ್‌ನಲ್ಲಿ ಹಾಡುಗಾರನ ಧ್ವನಿ ಕೇಳಿಸುತ್ತದೆ, ತಬಲಾದ ಎಡಗೈ ಮಾತ್ರ ಮಾಯವಾಗುತ್ತದೆ.

ಇದನ್ನು ನೀವೇ ಮನೆಯಲ್ಲಿ ನೋಡಬಹುದು. ಬಿಡಿ ಸ್ಪೀಕರ್ ಒಂದಕ್ಕೆ ವೈರ್ ಕೊಟ್ಟು ಹಾಡು ಹಚ್ಚಿ, ಕೈಯಲ್ಲಿ ಹಿಡಿದುಕೊಂಡು ಕೇಳಿ. ಶಬ್ದ ತೆಳ್ಳಗೆ, ಕೀರಲಾಗಿ ಇರುತ್ತದೆ. ಈಗ ಒಂದು ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಸ್ಪೀಕರ್‌ನ ಅಳತೆಗೆ ತೂತು ಕತ್ತರಿಸಿ, ಮುಚ್ಚಳಕ್ಕೆ ಟೇಪ್ ಹಚ್ಚಿ, ತೂತಿನ ಮೇಲೆ ಸ್ಪೀಕರನ್ನು ಒತ್ತಿ ಹಿಡಿಯಿರಿ. ವಾಲ್ಯೂಮ್ ಮುಟ್ಟಬೇಡಿ. ಒಮ್ಮೆಲೇ ದನಿ ತುಂಬಿಕೊಳ್ಳುತ್ತದೆ. ಅಂಚನ್ನು ಒಂದು ಬೆರಳಿನಷ್ಟು ಎತ್ತಿದರೆ ಮತ್ತೆ ಸೋರಿಹೋಗುತ್ತದೆ. ಸ್ಪೀಕರ್ ಕೂರಿಸುವ ಕೆಲಸದ ಮುಕ್ಕಾಲು ಪಾಲು ಈ ಸೋರಿಕೆ ತಡೆಯುವುದೇ.

ಈಗ ನಿಮ್ಮ ಬಾಗಿಲನ್ನು ನೋಡಿ. ಹಳೆಯ ಗಾಡಿಯ ಬಾಗಿಲು ಎರಡು ತೆಳು ತಗಡುಗಳ ನಡುವಿನ ಟೊಳ್ಳು. ಒಳತಗಡಿನಲ್ಲಿ ಗಾಜು ಏರಿಳಿಸುವ ಯಂತ್ರಕ್ಕೆಂದು ಅಂಗೈ ತೂರುವಷ್ಟು ದೊಡ್ಡ ಕಿಂಡಿಗಳು. ಸ್ಪೀಕರ್‌ನ ಬೆನ್ನಿನ ಗಾಳಿ ಆ ಕಿಂಡಿಗಳಿಂದ ಹೊರಬಂದು ಮುಂದಿನ ಅಲೆಯನ್ನು ತಿನ್ನುತ್ತದೆ. ಜೊತೆಗೆ ಮಳೆನೀರು ಗಾಜಿನ ಪಕ್ಕದ ರಬ್ಬರ್ ದಾಟಿ ಬಾಗಿಲಿನ ಒಳಗೇ ಇಳಿಯುತ್ತದೆ. ಅದು ಕೆಟ್ಟದ್ದೇನಲ್ಲ, ಬಾಗಿಲನ್ನು ಮಾಡಿರುವುದೇ ಹಾಗೆ, ತಳದ ತೂತುಗಳಿಂದ ನೀರು ಹೊರಹೋಗಲಿ ಎಂದು. ಆದರೆ ಆ ದಾರಿಯಲ್ಲಿ ಸ್ಪೀಕರ್‌ನ ಬೆನ್ನು ಕೂತಿರುತ್ತದೆ. ಆರೂವರೆ ಇಂಚಿನ ಸ್ಪೀಕರ್‌ಗೆ ಹೆಚ್ಚುಕಮ್ಮಿ 55ರಿಂದ 75 ಮಿಲಿಮೀಟರ್ ಆಳ ಬೇಕು. ಗಾಜು ಪೂರ್ತಿ ಇಳಿದಾಗ ಅದಕ್ಕೂ ಮ್ಯಾಗ್ನೆಟ್‌ಗೂ ನಡುವೆ ಅಷ್ಟು ಜಾಗ ಉಳಿಯುವ ಹಳೆಯ ಬಾಗಿಲು ವಿರಳ. ಕೊನೆಯದಾಗಿ, ನಿಮ್ಮ ಬಾಗಿಲು ಕಳಚುವಂಥದ್ದು. ಪ್ರತಿ ಸಲವೂ ವೈರ್ ಕಳಚಬೇಕು, ಬಾಗಿಲು ಮನೆಯಲ್ಲಿ ಬಿಟ್ಟ ದಿನ ಹಾಡೂ ಮನೆಯಲ್ಲೇ. ಗಟ್ಟಿ ಮೇಲ್ಛಾವಣಿಯ, ಬಾಗಿಲು ಎಂದೂ ಕಳಚದ ಗಾಡಿಯಾಗಿದ್ದರೆ ನನ್ನ ಮಾತು ಬೇರೆಯಾಗುತ್ತಿತ್ತು: ಕಿಂಡಿಗಳನ್ನು ಮುಚ್ಚಿ, ತಗಡಿನ ಅದುರು ತಡೆಯುವ ಬ್ಯುಟೈಲ್ ಹಾಳೆ ಅಂಟಿಸಿ, ಸ್ಪೀಕರ್ ಮೇಲೆ ನೀರು ಬೀಳದಂತೆ ಒಂದು ಸೂರು ಕೊಟ್ಟು ಬಾಗಿಲಿನಲ್ಲೇ ಚೆನ್ನಾಗಿ ಮಾಡಬಹುದು.

ಕಿಕ್ ಪ್ಯಾನೆಲ್‌ಗೆ ಬರೋಣ. ಅದರ ದೊಡ್ಡ ಲಾಭ ದೂರದ ಲೆಕ್ಕದಲ್ಲಿದೆ. ಬಾಗಿಲಿನ ಸ್ಪೀಕರ್ ಆದರೆ ಚಾಲಕನ ಹತ್ತಿರದ್ದು ಕಿವಿಯಿಂದ ಸುಮಾರು 70 ಸೆಂಟಿಮೀಟರ್, ಆಚೆ ಬದಿಯದು ಅದರ ಎರಡರಷ್ಟು ದೂರ ಎಂದಿಟ್ಟುಕೊಳ್ಳಿ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಒಂದು ಬದಿಯ ಶಬ್ದ ಎರಡು ಮಿಲಿಸೆಕೆಂಡ್ ಮೊದಲೇ ಕಿವಿಗೆ ಬಂದುಬಿಡುತ್ತದೆ, ಇಡೀ ಹಾಡು ನಿಮ್ಮ ಬದಿಯ ಬಾಗಿಲಿನಿಂದಲೇ ಬರುತ್ತಿದೆ ಅನ್ನಿಸುತ್ತದೆ. ಕಿಕ್ ಪ್ಯಾನೆಲ್ ಮುಂದಕ್ಕೂ ಕೆಳಕ್ಕೂ ಇರುವುದರಿಂದ ಎರಡೂ ಸ್ಪೀಕರ್‌ಗಳ ದೂರ ಒಂದಕ್ಕೊಂದು ಹತ್ತಿರವಾಗುತ್ತದೆ, ವ್ಯತ್ಯಾಸ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಡುಗಾರ ಬಾನೆಟ್ ಮೇಲೆ, ನಡುವಿನಲ್ಲಿ ನಿಂತಂತೆ ಕೇಳಿಸುತ್ತದೆ. ಪಾದದ ಬಳಿ ಇರುವ ಸ್ಪೀಕರ್‌ನಿಂದ ಅಂಥ ಫಲ ಬರುತ್ತದೆ ಎಂದರೆ ಕೇಳುವ ತನಕ ಹಲವರು ನಂಬುವುದಿಲ್ಲ.

ಆದರೆ ಆ ತಗಡನ್ನು ಕೊರೆಯುವ ಮುನ್ನ ಅದರ ಆಚೆ ಏನಿದೆ ಎಂದು ತಿಳಿಯಲೇಬೇಕು. ಕೆಲವು ಗಾಡಿಗಳಲ್ಲಿ ಅಲ್ಲಿ ಎರಡು ಪದರ ಇದ್ದು ನಡುವೆ ಟೊಳ್ಳು ಇರುತ್ತದೆ. ಕೆಲವದರಲ್ಲಿ ಒಂದೇ ಪದರ, ಅದರ ಆಚೆಗೆ ನೇರವಾಗಿ ಚಕ್ರದ ಗೂಡು. ಅಲ್ಲಿ ತೂತು ಹೊಡೆದರೆ ಕೆಸರು, ಕಲ್ಲು, ನೀರು ಎಲ್ಲ ಕೋನ್‌ಗೇ ಬಡಿಯುತ್ತದೆ. ಟೊಳ್ಳು ಇದ್ದ ಕಡೆಯೂ ಬಾಗಿಲ ಕೀಲಿನ ಬೋಲ್ಟುಗಳು, ವೈರಿಂಗ್ ಕಟ್ಟು, ಬಾನೆಟ್ ತೆರೆಯುವ ಕೇಬಲ್, ಹೊರಗಾಳಿ ಬಿಡುವ ಮುಚ್ಚಳ, ಕೌಲ್‌ನಿಂದ (ಮುಂಗಾಜಿನ ಬುಡದ ತಗಡಿನಿಂದ) ನೀರು ಇಳಿದುಹೋಗುವ ದಾರಿ ಇವುಗಳಲ್ಲಿ ಯಾವುದಾದರೂ ಇದ್ದೇ ಇರುತ್ತದೆ. ಚಕ್ರದ ಕಡೆಯಿಂದ ಟಾರ್ಚ್ ಹಿಡಿದು ನೋಡಿ. ಬಾಟಲಿಯಲ್ಲಿ ನೀರು ತಂದು ಮುಂಗಾಜಿನ ಬುಡದ ಜಾಲರಿಗೆ ಸುರಿದು, ಅದು ಎಲ್ಲಿ ಹೊರಬರುತ್ತದೆ ಎಂದು ನೋಡಿ. ನನ್ನ ಸಲಹೆ ಇನ್ನೂ ಸರಳ: ತಗಡು ಕತ್ತರಿಸಲೇಬೇಡಿ. ಒಳಬದಿಯಲ್ಲಿ ತಗಡಿಗೆ ಒರಗುವ ಒಂದು ಪುಟ್ಟ ಮುಚ್ಚಿದ ಪೆಟ್ಟಿಗೆ ಮಾಡಿ, ಅದಕ್ಕೆ ಸ್ಪೀಕರ್ ಕೂರಿಸಿ. ನಾಲ್ಕು ಇಂಚಿನದಕ್ಕೆ ಒಂದೂವರೆಯಿಂದ ಎರಡು ಲೀಟರ್ ಒಳಜಾಗ ಇದ್ದರೆ ಕೆಲಸ ನಡೆಯುತ್ತದೆ. ಮುಂದೆ ಯಾರಾದರೂ ಗಾಡಿಯನ್ನು ಮೂಲರೂಪಕ್ಕೆ ತರಬೇಕೆಂದರೆ ಸ್ಕ್ರೂ ಬಿಚ್ಚಿದರೆ ಮುಗಿಯಿತು.

ಅಡ್ಡಿ ಬರುವುದು ಪಾದ. ಚಾಲಕನ ಹೊರಬದಿಯ ಪಾದ, ಸ್ಟೀರಿಂಗ್ ಬಲಕ್ಕಿದ್ದರೆ ಆಕ್ಸಿಲರೇಟರ್ ಮೇಲಿನ ಬಲಗಾಲು, ಎಡಕ್ಕಿದ್ದರೆ ಕ್ಲಚ್ಚಿನ ಎಡಗಾಲು, ಆ ಗೋಡೆಗೆ ತೀರಾ ಹತ್ತಿರ ಓಡಾಡುತ್ತದೆ. ಇಲ್ಲಿ ಅಂದಾಜು ನಡೆಯದು. ಪೆಟ್ಟಿಗೆಯ ಆಕಾರವನ್ನು ಮೊದಲು ರಟ್ಟಿನಲ್ಲಿ ಮಾಡಿ ಟೇಪಿನಿಂದ ಅಂಟಿಸಿ, ನಿಮ್ಮಲ್ಲಿರುವ ಅತಿ ದಪ್ಪ ಬೂಟು ಹಾಕಿಕೊಂಡು ಕೂತು, ಪೆಡಲ್‌ಗಳನ್ನು ತಳದವರೆಗೆ ಒತ್ತಿ. ಗಾಬರಿಯಲ್ಲಿ ಬ್ರೇಕ್‌ನಿಂದ ಕಾಲು ಜಾರಿದರೆ ಎಲ್ಲಿಗೆ ಹೋಗುತ್ತದೆ, ಹತ್ತಿಳಿಯುವಾಗ ಬೂಟಿನ ಹಿಮ್ಮಡಿ ಎಲ್ಲಿ ತಾಗುತ್ತದೆ ಎಂದೂ ನೋಡಿ. ರಟ್ಟನ್ನು ನಿಂತ ಗಾಡಿಯಲ್ಲಿ ಕೆಲವು ದಿನ ಹಾಗೇ ಬಿಟ್ಟು ಹತ್ತಿ ಇಳಿದು ಮಾಡಿ. ಎಲ್ಲಿ ಮುದುಡಿದೆಯೋ ಅಲ್ಲಿಂದ ಪೆಟ್ಟಿಗೆ ಹಿಂದೆ ಸರಿಯಬೇಕು. ಪೆಡಲ್‌ಗೆ ಕೂದಲೆಳೆಯಷ್ಟು ಅಡ್ಡಿ ಅನ್ನಿಸಿದರೂ ಆ ಜಾಗ ಬಿಟ್ಟುಬಿಡಿ. ಹಾಡಿಗಾಗಿ ಬ್ರೇಕಿನ ವಿಷಯದಲ್ಲಿ ರಾಜಿ ಇಲ್ಲ.

ಪೆಟ್ಟಿಗೆಗೆ 9ರಿಂದ 12 ಮಿಲಿಮೀಟರ್ ದಪ್ಪದ ಮೆರೈನ್ ಪ್ಲೈವುಡ್ ಅಥವಾ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಲಗೆ ತೆಗೆದುಕೊಳ್ಳಿ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ. ಮನೆಯ ಸ್ಪೀಕರ್‌ಗೆ ಅದು ಚೆನ್ನ, ನೀರು ಕುಡಿದರೆ ಊದಿ ಪುಡಿಯಾಗುತ್ತದೆ. ಪ್ಲೈವುಡ್‌ನ ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಬಳಿಯಿರಿ, ನೀರು ಏರುವುದು ಅಲ್ಲಿಂದಲೇ. ಹಲಗೆಗಳು ಸೇರುವ ಸಂದುಗಳಿಗೆ ಸೀಲಂಟ್, ಸ್ಪೀಕರ್‌ನ ಸುತ್ತ ಫೋಮ್ ಪಟ್ಟಿ. ಆ ಫೋಮ್ ನೀರು ಹೀರದ ಜಾತಿಯದಾಗಿರಲಿ. ಸ್ಪಂಜಿನಂಥದ್ದು ಹಾಕಿದರೆ ಒದ್ದೆಯನ್ನು ವಾರಗಟ್ಟಲೆ ಹಿಡಿದಿಟ್ಟುಕೊಂಡು ಪಕ್ಕದ ತಗಡನ್ನು ತುಕ್ಕು ಹಿಡಿಸುತ್ತದೆ. ಪೆಟ್ಟಿಗೆಯ ತಳ ನೆಲಕ್ಕೆ ತಾಗದಿರಲಿ, ಒಂದೈದು ಸೆಂಟಿಮೀಟರ್ ಮೇಲಿರಲಿ. ತೊರೆ ದಾಟುವ ಅಭ್ಯಾಸ ಇದ್ದರೆ ತಳದಲ್ಲಿ ಪುಟ್ಟ ತೂತು ಕೊರೆದು ರಬ್ಬರ್ ಬಿರಡೆ ಹಾಕಿಡಿ, ನೀರು ಹೊಕ್ಕ ದಿನ ಬಿರಡೆ ಕಿತ್ತು ಸುರಿಯಬಹುದು. ಮುಂದೆ ಲೋಹದ ಜಾಲರಿ ಕಡ್ಡಾಯ, ಬಟ್ಟೆಯ ಜಾಲರಿ ಬೂಟಿನ ಒಂದು ಒದೆತಕ್ಕೆ ಹರಿಯುತ್ತದೆ.

ಬಿಗಿಯುವಾಗ ಆದಷ್ಟೂ ಗಾಡಿಯಲ್ಲಿ ಆಗಲೇ ಇರುವ ತೂತು, ಬೋಲ್ಟುಗಳನ್ನೇ ಬಳಸಿ. ಹೊಸ ತೂತು ಅನಿವಾರ್ಯವಾದರೆ ಅಂಚನ್ನು ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಿ, ಒಣಗಿದ ಮೇಲೆಯೇ ಸ್ಕ್ರೂ ಹಾಕಿ. ಹಳೆಯ ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳಂತೆ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ತಾಗಿ ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿ ಏಳುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಆದರೂ ಇದು ತಪ್ಪದು, ನೈಲಾನ್ ವಾಷರ್ ಹಾಕಿ ಎರಡನ್ನೂ ಬೇರೆಯಾಗಿಡಬೇಕು.

ಕಾಲಿನ ಜಾಗ ಕಿರಿದಾಗಿ ಕಿಕ್ ಪ್ಯಾನೆಲ್ ಆಗುವುದಿಲ್ಲ ಎಂದಾದರೆ ಡ್ಯಾಶ್‌ನ ಅಡಿ. ಡ್ಯಾಶ್‌ನ ಕೆಳ ಅಂಚಿನ ಬೋಲ್ಟುಗಳಿಂದ ಎರಡು ಪಟ್ಟಿ ಇಳಿಸಿ ಪ್ರತಿ ಬದಿಗೆ ಒಂದು ಪೆಟ್ಟಿಗೆ ತೂಗಿಸಬಹುದು. ಇಲ್ಲಿ ಪೆಟ್ಟು ಬೀಳುವುದು ಮೊಣಕಾಲಿಗೆ. ಗುಂಡಿ ಹತ್ತಿದಾಗ ಮೈ ಎಗರಿ ಮುಂದೆ ಹೋಗುತ್ತದೆ, ಅಪಘಾತವಾದರಂತೂ ಕೇಳಬೇಡಿ. ಆದ್ದರಿಂದ ಪೆಟ್ಟಿಗೆ ಮೊಣಕಾಲಿನ ನೇರಕ್ಕೆ ಬರಬಾರದು, ಡ್ಯಾಶ್‌ನ ಅಂಚಿಗಿಂತ ಹಿಂದಕ್ಕೆ, ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಕಡೆಗೆ ಸರಿದಿರಬೇಕು, ಮೂಲೆಗಳು ದುಂಡಗಿರಬೇಕು. ಸ್ಟೀರಿಂಗ್ ಶಾಫ್ಟ್, ವೈಪರ್ ಕೊಂಡಿ, ಹೀಟರ್ ಪೈಪ್‌ಗೆ ತಾಗಬಾರದು. ಸ್ಪೀಕರ್ ಮುಖ ನೆಲದ ಕಡೆಗಿದ್ದರೆ ಬಾಸ್ ಚೆನ್ನಾಗಿ ಬರುತ್ತದೆ, ಟ್ರೆಬಲ್ ಮಾತ್ರ ಕಾಲಿಗೂ ಮ್ಯಾಟ್‌ಗೂ ಸಿಕ್ಕಿ ಸಾಯುತ್ತದೆ. ಅದಕ್ಕೆ ಎತ್ತರದ ಸ್ವರಕ್ಕೆಂದೇ ಇರುವ 25 ಮಿಲಿಮೀಟರ್‌ನ ಬಿಡಿ ಟ್ವೀಟರ್‌ಗಳನ್ನು ಡ್ಯಾಶ್‌ನ ಎರಡು ಮೂಲೆಗೆ ಪುಟ್ಟ ಬ್ರಾಕೆಟ್ ಮೇಲೆ ಕೂರಿಸಿ, ಎದುರು ಬದಿಯ ಸೀಟಿನ ತಲೆಯ ಕಡೆ ತಿರುಗಿಸಿ. ನಿಮ್ಮ ಗಾಡಿಯ ಮುಂಗಾಜು ಬಾನೆಟ್ ಮೇಲೆ ಮಡಚುವಂಥದ್ದಾದರೆ ಟ್ವೀಟರನ್ನು ಗಾಜಿನ ಚೌಕಟ್ಟಿಗೆ ಹಾಕಬೇಡಿ, ಮಡಚಿದಾಗ ವೈರ್ ಸಿಕ್ಕಿ ತುಂಡಾಗುತ್ತದೆ.

ಡ್ಯಾಶ್ ನಡುವಿನ ಹಳೆಯ ಸ್ಪೀಕರ್ ಜಾಗವನ್ನು ವ್ಯರ್ಥ ಮಾಡಬೇಡಿ. ಎರಡು ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಸುರುಳಿ) ಇರುವ ಒಂದೇ ಸ್ಪೀಕರ್ ಎಂಬುದೊಂದು ಸಿಗುತ್ತದೆ. ಒಂದು ಕಾಯಿಲ್‌ಗೆ ಎಡ ಚಾನೆಲ್, ಇನ್ನೊಂದಕ್ಕೆ ಬಲ ಚಾನೆಲ್. ಎಡಬಲ ಬೇರೆಯಾಗಿ ಕೇಳಿಸದು, ಆದರೆ ಒಂದು ತೂತೂ ಹೊಡೆಯದೆ ಎರಡೂ ಬದಿಯ ಶಬ್ದ ನಡುವಿನಿಂದ ಬರುತ್ತದೆ. ಗಾಡಿಯನ್ನು ಕಿಂಚಿತ್ತೂ ಬದಲಿಸಬಾರದು ಎನ್ನುವವರಿಗೆ ಇದೇ ಉತ್ತರ. ಸಾಮಾನ್ಯ ಸ್ಪೀಕರ್ ಒಂದಕ್ಕೆ ಸ್ಟೀರಿಯೊದ ಎಡ, ಬಲ ವೈರ್‌ಗಳನ್ನು ಒಟ್ಟಿಗೆ ಹೊಸೆದು ಕೊಡುವುದನ್ನು ಮಾತ್ರ ಯಾವತ್ತೂ ಮಾಡಬೇಡಿ, ಸ್ಟೀರಿಯೊದ ಒಳಗಿನ ಆಂಪ್ಲಿಫೈಯರ್ (ಆಂಪ್) ಸುಡುತ್ತದೆ.

ಹಳೆಯ ವೈರಿಂಗ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲದ ಎಷ್ಟೋ ರೇಡಿಯೊಗಳಲ್ಲಿ ಸ್ಪೀಕರ್‌ಗೆ ಒಂದೇ ವೈರ್ ಬರುತ್ತಿತ್ತು, ಇನ್ನೊಂದು ತುದಿ ಗಾಡಿಯ ಮೈಗೆ ಅರ್ಥ್. ಈಗಿನ ಸ್ಟೀರಿಯೊದಲ್ಲಿ ಸ್ಪೀಕರ್‌ನ ಮೈನಸ್ ವೈರ್ ಅರ್ಥ್ ಅಲ್ಲ, ಅದರಲ್ಲೂ ವೋಲ್ಟೇಜ್ ಇರುತ್ತದೆ. ಅದು ತಗಡಿಗೆ ತಾಗಿದರೆ ಸ್ಟೀರಿಯೊ ಹೋದಂತೆಯೇ. ಹಾಗಾಗಿ ಹಳೆಯ ವೈರ್ ಬಿಟ್ಟು ಪ್ರತಿ ಸ್ಪೀಕರ್‌ಗೂ ಸ್ಟೀರಿಯೊದಿಂದಲೇ ಎರಡೆರಡು ಹೊಸ ವೈರ್ ಎಳೆಯಿರಿ. 1.5 ಚದರ ಮಿಲಿಮೀಟರ್‌ನ ವೈರ್ ಧಾರಾಳವಾಯಿತು, ತವರ ಲೇಪಿಸಿದ ತಾಮ್ರವಾದರೆ ಇನ್ನೂ ಒಳ್ಳೆಯದು. ತಗಡು ದಾಟುವಲ್ಲೆಲ್ಲ ರಬ್ಬರ್ ಬುಷ್ ಹಾಕಿ. ಗಾಡಿ ತುಂಬಾ ಹಳೆಯದಾದರೆ ವೋಲ್ಟೇಜನ್ನೂ ನೋಡಿಕೊಳ್ಳಿ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಎಂಬಿ 6 ವೋಲ್ಟಿನದು, ನಂತರ ಬಂದ ಸೇನೆಯ ಎಂ38 24 ವೋಲ್ಟಿನದು, ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ಸೇ ಮೈಗೆ ಅರ್ಥ್ ಆಗಿರುವುದುಂಟು. 12 ವೋಲ್ಟ್, ಮೈನಸ್ ಅರ್ಥ್ ಎಂದು ಮೀಟರ್ ಹಿಡಿದು ಖಾತ್ರಿಯಾಗುವ ತನಕ ಹೊಸ ಸ್ಟೀರಿಯೊಗೆ ಕರೆಂಟ್ ಕೊಡಬೇಡಿ.

ರೋಲ್ ಬಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಮಾನ್ಯವಾಗಿ ಅದು ತಲೆಯ ಹಿಂದೆ ಇರುತ್ತದೆ, ಶಬ್ದವೂ ಹಿಂದಿನಿಂದ ಬರುತ್ತದೆ, ಹೊದಿಕೆ ತೆಗೆದಾಗ ಜೋರಾಗಿ ಕೇಳಿಸುತ್ತದೆ ಅನ್ನುವುದೊಂದೇ ಅನುಕೂಲ. ಕ್ಲಾಂಪ್ ಹಾಕಿ ಬಿಗಿಯುವ ಪಾಡ್ (ಸ್ಪೀಕರ್ ಕೂರುವ ಪುಟ್ಟ ಗೂಡು) ಮಾತ್ರ ಬಳಸಿ. ಪೈಪಿಗೆ ಡ್ರಿಲ್ ತಾಗಿಸಬೇಡಿ, ಗಾಡಿ ಮಗುಚಿದಾಗ ಜೀವ ಉಳಿಸುವ ಪೈಪ್ ಅದು. ತಲೆ ಬಡಿಯುವ ಅಂತರದಲ್ಲಿ, ಸೀಟ್ ಬೆಲ್ಟ್ ಹಾಯುವ ದಾರಿಯಲ್ಲಿ ಪಾಡ್ ಬರಕೂಡದು.

ಇನ್ನು ಯಾವ ಸ್ಪೀಕರ್ ಎಂಬುದು. ದೋಣಿಗಳಿಗೆಂದು ಮಾಡುವ ಮೆರೈನ್ ಸ್ಪೀಕರ್ ನಿಮ್ಮ ಗಾಡಿಗೆ ಹೇಳಿ ಮಾಡಿಸಿದ್ದು: ಕಾಗದದ ಬದಲು ಪಾಲಿಪ್ರೊಪಿಲೀನ್ ಕೋನ್, ಸುತ್ತ ರಬ್ಬರ್, ಬಿಸಿಲಿಗೆ ಸೀಳದ ಪ್ಲಾಸ್ಟಿಕ್. ಡಬ್ಬದ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ, ಸೆನ್ಸಿಟಿವಿಟಿ (ಅಷ್ಟೇ ಕರೆಂಟಿಗೆ ಎಷ್ಟು ಜೋರು ಶಬ್ದ ಎಂಬ ಅಳತೆ) ಎಂದು ಡೆಸಿಬೆಲ್‌ನಲ್ಲಿ ಬರೆದಿರುವುದನ್ನು ನೋಡಿ. ಸ್ಟೀರಿಯೊ ಮೇಲೆ 50 ವ್ಯಾಟ್ ಗುಣಿಸು 4 ಎಂದು ಬರೆದಿದ್ದರೂ 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರ್‌ಗೆ ಒಡೆಯದ ಶಬ್ದ ಕೊಡಲು ಲೆಕ್ಕದ ಮಿತಿಯೇ ಸುಮಾರು 26 ವ್ಯಾಟ್, ವಾಸ್ತವದಲ್ಲಿ 20ರ ಆಸುಪಾಸು. ಅಷ್ಟರಲ್ಲೇ ಗಾಳಿಯ, ಟೈರಿನ, ಎಂಜಿನ್ನಿನ ಸದ್ದನ್ನು ಮೀರಬೇಕು. 92 ಡೆಸಿಬೆಲ್‌ನ ಸ್ಪೀಕರ್ 20 ವ್ಯಾಟಿನಲ್ಲಿ ಕೊಡುವ ಶಬ್ದಕ್ಕೆ 88 ಡೆಸಿಬೆಲ್‌ನದಕ್ಕೆ 50 ವ್ಯಾಟ್ ಬೇಕು. ಆ ನಾಲ್ಕು ಡೆಸಿಬೆಲ್ ಒಂದು ಆಂಪ್‌ನ ಖರ್ಚನ್ನೇ ಉಳಿಸುತ್ತದೆ.

ಪುಟ್ಟ ಸ್ಪೀಕರ್‌ಗೆ ತಳದ ಬಾಸ್ ಹೊರಿಸಬೇಡಿ. ಸ್ಟೀರಿಯೊದಲ್ಲಿ ತಳದ ಬಾಸನ್ನು ತಡೆಯುವ ಹೈಪಾಸ್ ಎಂಬ ಸೆಟ್ಟಿಂಗ್ ಇದ್ದರೆ ನಾಲ್ಕು ಇಂಚಿನದಕ್ಕೆ 120ರಿಂದ 150 ಹರ್ಟ್ಜ್, ಐದೂಕಾಲಿಗೆ 100ರ ಸುತ್ತ ಇಡಿ. ಆ ಸೆಟ್ಟಿಂಗ್ ಇಲ್ಲದಿದ್ದರೆ ಪ್ಲಸ್ ವೈರಿನ ನಡುವೆ ಪೋಲಾರಿಟಿ (ಪ್ಲಸ್, ಮೈನಸ್ ಭೇದ) ಇಲ್ಲದ ಒಂದು ಕೆಪಾಸಿಟರ್ ಸೇರಿಸಿ. 4 ಓಮ್ ಸ್ಪೀಕರ್‌ಗೆ 270 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 150 ಹರ್ಟ್ಜ್‌ನ ಕೆಳಗೆ ಹೊರೆ ಇಳಿಯತೊಡಗುತ್ತದೆ. ಕೋನ್ ಸುಮ್ಮನೆ ಬಡಿದಾಡುವುದು ನಿಂತು ಮಧ್ಯದ ದನಿ ಎಷ್ಟು ತಿಳಿಯಾಗುತ್ತದೆ ಎಂದು ನೀವೇ ಕೇಳುತ್ತೀರಿ. ತೆರೆದ ಗಾಡಿಯಲ್ಲಿ ತಳದ ಬಾಸನ್ನು ರಸ್ತೆಯ ಸದ್ದು ಹೇಗೂ ನುಂಗುತ್ತದೆ. ಬೇಕೇಬೇಕು ಎನ್ನುವವರು ಮುಂದೊಂದು ದಿನ ಸೀಟಿನ ಅಡಿಗೆ, ಬಾಸ್‌ಗೆಂದೇ ಇರುವ ಒಂದು ತೆಳು ಸಬ್‌ವೂಫರ್ ಸೇರಿಸಿಕೊಳ್ಳಲಿ.

ಸ್ಪೀಕರ್‌ನ ಮ್ಯಾಗ್ನೆಟ್ ಪಕ್ಕದಲ್ಲಿ ದಿಕ್ಸೂಚಿ ಇಡಬೇಡಿ, ತಪ್ಪು ದಿಕ್ಕು ತೋರಿಸುತ್ತದೆ. ತಗಡು ಕೊರೆಯುವ ಕೆಲಸ ಏನಿದ್ದರೂ ಸ್ಪೀಕರ್ ಕೂರಿಸುವ ಮೊದಲೇ ಮುಗಿಸಿ ಗುಡಿಸಿಬಿಡಿ. ಕಬ್ಬಿಣದ ಪುಡಿ ಕಾಯಿಲ್‌ನ ಸಂದಿಗೆ ಸೇರಿದರೆ ಕೋನ್ ಅಲುಗಿದಾಗಲೆಲ್ಲ ಕರಕರ ಎನ್ನುತ್ತದೆ, ಅದನ್ನು ಹೊರತೆಗೆಯುವುದು ಬಹಳ ಕಷ್ಟ.

ಎಲ್ಲ ಬಿಗಿದ ಮೇಲೆ, ಸ್ಟೀರಿಯೊಗೆ ಸೇರಿಸುವ ಮುನ್ನ, 1.5 ವೋಲ್ಟಿನ ಸೆಲ್ ಒಂದನ್ನು ಸ್ಪೀಕರ್ ವೈರಿನ ತುದಿಗಳಿಗೆ ಕ್ಷಣಮಾತ್ರ ತಾಗಿಸಿ. ಕೆಪಾಸಿಟರ್ ಹಾಕಿದ್ದರೆ ಅದನ್ನು ಬಿಟ್ಟು ನೇರ ಸ್ಪೀಕರ್‌ಗೇ ತಾಗಿಸಿ. ಸೆಲ್‌ನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ಸೇರಿದಾಗ ಕೋನ್ ಹೊರಕ್ಕೆ ಜಿಗಿಯಬೇಕು, ಎರಡೂ ಬದಿಯಲ್ಲಿ ಒಂದೇ ರೀತಿ. ಒಂದು ಹೊರಕ್ಕೆ, ಒಂದು ಒಳಕ್ಕೆ ಹೋದರೆ ಎಷ್ಟು ಚೆನ್ನಾಗಿ ಪೆಟ್ಟಿಗೆ ಮಾಡಿದ್ದರೂ ಬಾಸ್ ಕೇಳಿಸದು, ಆ ಬದಿಯ ವೈರ್ ಅದಲುಬದಲು ಮಾಡಿ. ಆಮೇಲೆ ಕಚ್ಚಾ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ಪ್ರತಿ ಸ್ಕ್ರೂವನ್ನೂ ಇನ್ನೊಮ್ಮೆ ಬಿಗಿ ಮಾಡಿ. ಮೊದಲ ಓಟದಲ್ಲಿ ಫೋಮ್ ಪಟ್ಟಿ ಒತ್ತಿಕೊಂಡು ಸ್ಕ್ರೂಗಳು ಸ್ವಲ್ಪ ಸಡಿಲವಾಗುವುದು ಸಹಜ.